ಅರವಟ್ಟಿಗೆಯವರ ಮನೆ ಎಲ್ಲಿ?

ಶುಭಕೃತು ಸಂವತ್ಸರದ ಚೈತ್ರ ಬಹುಳ ತದಿಗೆ, ಸೂರ್ಯ ಹುಟ್ಟಿ ಐದು ಗಳಿಗೆ ಕಳೆದಿತ್ತು. ಹೊಂಬಳಗಟ್ಟಿಯ ರಾಣಿ ವೀರಾಂಬೆ ಓಲೆಯೊಂದನ್ನು ಎರಡನೆಯ ಸಲ ಓದಿಸಿ ಕೇಳಿದಳು. ಎರಡನೆಯ ಸಲವೂ ಅದರಲ್ಲಿ ಅದೇ ಇತ್ತು.

ಬರೆಸಿದವಳು ನೆರೆಯ ಸಂಸ್ಥಾನದ ರಾಣಿ. ಕುಶಲ ವಿಚಾರಿಸಿ, ಕೊನೆಯಲ್ಲಿ ಒಂದು ಮಾತು ಸೇರಿಸಿದ್ದಳು: "ನಮ್ಮ ಸಂತೆಗೆ ಗಡಿಗೆ ಮಾರಲು ಬರುವ ನಿಮ್ಮೂರ ಕುಂಬಾರನ ಅಡ್ಡಹೆಸರೂ ಅರವಟ್ಟಿಗೆಯಂತೆ. ತಮಗೆ ದಾಯಾದಿಯೋ, ಬೀಗನೋ? ತಿಳಿಸಿದರೆ ಇನ್ನು ಮೇಲೆ ಚೌಕಾಸಿ ಮಾಡದೆ ಕೊಳ್ಳುತ್ತೇವೆ."

ಅರವಟ್ಟಿಗೆ ಎಂಬುದು ವೀರಾಂಬೆಯ ಮನೆತನದ ಹೆಸರು. ಏಳು ತಲೆಮಾರಿನಿಂದ ಶಾಸನಗಳಲ್ಲಿದ್ದ ಹೆಸರು ಗಡಿಗೆಗಳ ನಡುವೆ ಕುಳಿತಿದೆ ಎಂಬುದನ್ನು ಅವಳಿಗೆ ಸಹಿಸಲಾಗಲಿಲ್ಲ. ಹೆಳವ ಭರಮಪ್ಪನಿಗೆ ಕರೆ ಹೋಯಿತು. ಎತ್ತಿನ ಮೇಲೆ ಊರೂರು ತಿರುಗಿ, ಮನೆಮನೆಯ ಬಾಗಿಲಲ್ಲಿ ನಿಂತು, ಆ ವಂಶದ ಮೂಲವನ್ನು ಬಾಯಿಪಾಠವಾಗಿ ಹೇಳುವುದು ಅವನ ಕುಲದ ಕಸುಬು.

"ಭರಮಪ್ಪ, ಈ ಸೀಮೆಯಲ್ಲಿ ಅರವಟ್ಟಿಗೆಯವರು ಎಷ್ಟು ಮನೆ?"

"ಅರಮನೆ ಸೇರಿ ಇಪ್ಪತ್ತೆಂಟು, ತಾಯಿ. ಕುಂಬಾರರು, ಗಾಣಿಗರು, ಒಕ್ಕಲಿಗರು, ಕ್ಷೌರಿಕರದು ಒಂದು ಮನೆ."

"ಕ್ಷೌರಿಕರೂ?"

"ಬಲು ಒಳ್ಳೆಯ ಜನ, ತಾಯಿ."

"ಅಮಾವಾಸ್ಯೆಯೊಳಗೆ ಆ ಇಪ್ಪತ್ತೇಳು ಮನೆಯವರು ಬೇರೆ ಹೆಸರು ಹುಡುಕಿಕೊಳ್ಳಲಿ. ಅವರ ಬಾಗಿಲಲ್ಲಿ ನೀನು ಈ ಹೆಸರು ಹೇಳಿದೆಯಾದರೆ ನಿನ್ನ ಎತ್ತು ನಮ್ಮ ಕೊಟ್ಟಿಗೆಗೆ, ನೀನು ಗಡಿಯಾಚೆಗೆ."

ಭರಮಪ್ಪ ರುಮಾಲು ಸರಿಪಡಿಸಿಕೊಂಡ. "ಹೆಸರು ಕಿತ್ತುಕೊಳ್ಳುವ ಮೊದಲು ಕೊಟ್ಟವರನ್ನು ಒಂದು ಮಾತು ಕೇಳುವುದು ರೀತಿ."

"ಚಕ್ರವರ್ತಿಗಳು ನಮ್ಮ ಮೂಲಪುರುಷರಿಗೆ ಕೊಟ್ಟ ಬಿರುದು ಅದು. ಅವರನ್ನು ಎಲ್ಲಿ ಹೋಗಿ ಕೇಳುತ್ತೀ?"

"ಬಿರುದು ಎಂಬುದು ಆಸ್ಥಾನದ ಕವಿಗಳ ಪಾಠ. ನಮ್ಮಪ್ಪ ಕಲಿಸಿದ ಪಾಠ ಬೇರೆ. ತಮ್ಮ ಮೂಲಪುರುಷರು ಬೇಸಿಗೆಯಲ್ಲಿ ದಾರಿಯ ಪಕ್ಕ ಚಪ್ಪರ ಹಾಕಿ, ಹೋಗಿಬರುವವರಿಗೆ ನೀರು, ಮಜ್ಜಿಗೆ ಕೊಡುತ್ತಿದ್ದರು. ಅಂಥ ಚಪ್ಪರವೇ ಅರವಟ್ಟಿಗೆ. ಕುಡಿದು ತಣಿದವರು ಮನೆಯನ್ನೂ ಹಾಗೆಯೇ ಕರೆದರು. ಉಳಿದ ಇಪ್ಪತ್ತೇಳು ಮನೆಗೂ ಹೆಸರು ಬಂದದ್ದು ಹೀಗೆಯೇ. ನಮ್ಮ ಸೀಮೆಯಲ್ಲಿ ಅಡ್ಡಹೆಸರನ್ನು ಯಾರೂ ತಾವಾಗಿ ಇಟ್ಟುಕೊಂಡವರಲ್ಲ. ಜನ ಇಡುತ್ತಾರೆ."

ಅದು ಸುಳ್ಳಲ್ಲವೆಂದು ವೀರಾಂಬೆಗೂ ಗೊತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಮಂತ್ರಿಯ ಅಡ್ಡಹೆಸರು ಬದನೆಕಾಯಿ. ಬೇಡಿ ಪಡೆದದ್ದಂತೂ ಅಲ್ಲ.

"ಹಾಗಿದ್ದರೆ ದಾರಿಹೋಕರನ್ನೇ ಕೇಳು," ಎಂದಳು. "ಅರವಟ್ಟಿಗೆಯವರ ಮನೆ ಎಲ್ಲಿ ಎಂದರೆ ಕುರುಡನೂ ಅರಮನೆಯತ್ತ ಕೈ ತೋರುತ್ತಾನೆ."

"ಅವರು ತೋರಿಸಿದ ಮನೆಗೆ ಹೆಸರು ಉಳಿಯಲೇ?"

"ಉಳಿಯಲಿ. ತೋರಿಸದ ಮನೆಯ ಹೆಸರು ಹೋಗಲಿ."

"ಈ ಮಾತಿಗೆ ಅರಮನೆಯೂ ಸೇರಿತೇ, ತಾಯಿ?"

ಮಂತ್ರಿ ಕೆಮ್ಮಿದ. ರಾಣಿ ನಕ್ಕಳು. "ಸೇರಿತು."

"ಹಾಗಾದರೆ ತಾವೇ ಬರಬೇಕು. ನಾನೊಬ್ಬನೇ ಕೇಳಿ ಬಂದರೆ ಹೆಳವ ಕಟ್ಟಿದ ಕತೆ ಎಂದಾರು. ಸಾದಾ ಸೀರೆ, ಬಾಡಿಗೆಯ ಬಂಡಿ, ನಡುಹಗಲು. ಬಂಡಿಯಲ್ಲಿ ನೀರಿನ ತಂಬಿಗೆ ಬೇಡ. ದಾರಿಹೋಕರ ಮಾತು ತಿಳಿಯಲು ದಾರಿಹೋಕರಂತೆಯೇ ಹೋಗಬೇಕು."

ಗೆಲ್ಲುವ ಪಂದ್ಯಕ್ಕೆ ನೀರೇಕೆ ಎಂದುಕೊಂಡು ವೀರಾಂಬೆ ಒಪ್ಪಿದಳು.

ಊರ ಹೊರಗಿನಿಂದ ಬಂಡಿ ಹೊರಟಾಗ ಬಿಸಿಲು ನೆತ್ತಿಯ ಮೇಲಿತ್ತು. ಮೊದಲು ಸಿಕ್ಕವನು ಹೆಗಲ ಮೇಲೆ ಮಲಾರ ಹೊತ್ತ ಬಳೆಗಾರ.

"ಅಣ್ಣಾ, ಅರವಟ್ಟಿಗೆಯವರ ಮನಿ ಎಲ್ಲಿ?" ಭರಮಪ್ಪ ಕೇಳಿದ.

"ಹಿಂಗ ನೆಟ್ಟಗ ಹೋಗ್ರಿ. ಬೇವಿನ ಗಿಡ ಬರ್ತೈತಿ. ಅದರ ಬಾಜೂಕ ಕುಂಬಾರ ಸಂಗವ್ವನ ಮನಿ."

ರಾಣಿ ಬಂಡಿಯಿಂದ ಇಣುಕಿದಳು. "ಅರಮನೆ ಅಲ್ಲವೇ?"

"ಅರಮನಿ ಕೇಳಿದ್ರ ಅರಮನಿ ತೋರಿಸ್ತಿದ್ದೆ, ಅವ್ವಾ."

"ಅವರ ಹೆಸರೂ ಅದೇ ಅಂತಾರಲ್ಲ."

"ಇದ್ರೂ ಇರಬಹುದು. ಹ್ವಾದ ವಾರ ಅಲ್ಲಿ ಒಂದು ಗುಟುಕು ನೀರು ಕೇಳಿದೆ. ಯಾವೂರು, ಯಾಕ ಬಂದಿ, ಯಾರ ಚೀಟಿ ತಂದಿ ಅಂತ ಕಾವಲಿನಾಂವ ಚಾಲೂ ಮಾಡಿದ. ಸಂಗವ್ವನ ಕಡೆ ಹೋಗಿ ಕುಡದು ಹೊಳ್ಳಿ ಬಂದೆ. ಅಂವ ಇನ್ನೂ ಕೇಳಾಕತ್ತಿದ್ದ."

ಎರಡನೆಯವನು ನೇಕಾರ, ಬೇವಿನ ಮರದ ಕಡೆಗೇ ತೋರಿಸಿದ. ಮೂರನೆಯವನು ಕುರುಬ, ಮಾತಾಡಿದರೆ ಬಾಯಾರುತ್ತದೆಂದು ಕೋಲಿನಿಂದ ತೋರಿಸಿದ. ನಾಲ್ಕನೆಯವನು ಪರವೂರಿನವನು. "ನಾನೂ ಅಲ್ಲಿಗೇ ಹೊಂಟೇನಿ, ಬರ್ರಿ," ಎಂದ. ಐದನೆಯವನನ್ನು ಕೇಳಲು ರಾಣಿಯೇ ಬಾಯಿ ತೆರೆದಳು. ನಾಲಿಗೆ ಅಂಗುಳಕ್ಕೆ ಅಂಟಿ ಮಾತು ಹೊರಡಲಿಲ್ಲ.

ಬಂಡಿ ಬೇವಿನ ನೆರಳಲ್ಲಿ ನಿಂತಿತು. ಚಪ್ಪರದ ಕೆಳಗೆ ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಹರವಿಗಳು ಸಾಲಾಗಿದ್ದವು. ಸಂಗವ್ವ ಬಂದವರ ಮುಖ ನೋಡಲಿಲ್ಲ, ತುಟಿ ನೋಡಿದಳು. ಏನನ್ನೂ ಕೇಳದೆ ಮಜ್ಜಿಗೆ ತುಂಬಿದ ತಂಬಿಗೆ ಮುಂದೆ ಹಿಡಿದಳು. ವೀರಾಂಬೆ ಒಂದು ಕುಡಿದಳು, ಮತ್ತೊಂದು ಕುಡಿದಳು. ಮೂರನೆಯದು ಅರ್ಧವಾದಾಗ ಸಂಗವ್ವ ಮಾತಿಗೆ ಕುಳಿತಳು. ಬಾಯಾರಿಕೆ ತಣಿಯುವ ಮೊದಲು ಊರು, ಕೇರಿ ವಿಚಾರಿಸುವುದು ಆ ಮನೆಯ ಪದ್ಧತಿಯಲ್ಲ.

"ಯಾವೂರವ್ವಾ ನಿಮ್ದು? ಮನಿತನದ ಹೆಸರೇನು?"

ವೀರಾಂಬೆ ತಂಬಿಗೆ ಕೆಳಗಿಳಿಸಿದಳು. ತೋರಿಸದ ಮನೆಯ ಹೆಸರು ಹೋಗಲಿ ಎಂದು ಬೆಳಿಗ್ಗೆ ತಾನೇ ಆಡಿದ ಮಾತು ನೆನಪಾಯಿತು. ಉತ್ತರಕ್ಕಾಗಿ ಭರಮಪ್ಪನನ್ನು ನೋಡಿದಳು.

"ಬೆಳಿಗ್ಗೆತನಕ ಒಂದು ಇತ್ತು, ಅಕ್ಕಾ," ಎಂದ ಭರಮಪ್ಪ. "ಬಿಸಿಲಾಗ ಬರೂ ದಾರ್ಯಾಗ ಎಲ್ಲೋ ಬಿತ್ತು."

ರಾಣಿಗೆ ಬಾಯಲ್ಲಿದ್ದ ಮಜ್ಜಿಗೆ ನೆತ್ತಿಗೇರಿತು. ಕೆಮ್ಮು ನಿಂತ ಮೇಲೂ ನಗು ನಿಲ್ಲಲಿಲ್ಲ. ಸಂಗವ್ವ ಅವಳ ಬೆನ್ನು ತಟ್ಟುತ್ತ, "ಸಿಗತೈತಿ ಬಿಡವ್ವಾ. ಹೆಸರು ಎಲ್ಲಿ ಹೋಗತೈತಿ? ಮೊದಲು ಇದನ್ನ ಮುಗಿಸು," ಎಂದಳು.

ಅಂದು ಸಂಜೆ ಭರಮಪ್ಪನಿಗೆ ಕರುವಿನೊಂದಿಗೆ ಒಂದು ಹಸು ಸಂದಿತು. ಇಪ್ಪತ್ತೇಳು ಮನೆಗಳ ಹೆಸರನ್ನು ಮುಟ್ಟದಿರಲು, ಅರಮನೆಯ ಬಾಗಿಲಲ್ಲಿ ಚಪ್ಪರ ಹಾಕಿಸಲು, ದಾರಿಹೋಕರು ತಾವಾಗಿ ಕರೆಯುವವರೆಗೆ ತನ್ನ ಮನೆತನದ ಹೆಸರನ್ನು ಎಲ್ಲಿಯೂ ಬಳಸದಿರಲು ವೀರಾಂಬೆ ನಿರ್ಧರಿಸಿದಳು.