ಕೊಕ್ಕರೆ ಮೇಷ್ಟ್ರ ತಂಡದಲ್ಲಿ ಕಾಡುಹಂದಿ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮೂರ ಭಜನೆ ಮನೆಯಲ್ಲಿ ತಾಳ ಹಾಕುತ್ತಿದ್ದ ಗುರುಶಾಂತಜ್ಜ. ಶನಿವಾರದ ಭಜನೆ ಮುಗಿದು, ಮಂಗಳಾರತಿಯಾಗಿ, ಪ್ರಸಾದ ಹಂಚಿದ ಮೇಲೆ ಅಜ್ಜ ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಳ್ಳುತ್ತಿದ್ದರು. "ನಡುವೆ ಗಲಾಟೆ ಮಾಡಬಾರದು. ಗೋಲು ಬಿದ್ದಾಗ ಮಾತ್ರ ಕೂಗಬಹುದು" ಎಂದು ಷರತ್ತು ಹಾಕಿಯೇ ಶುರುಮಾಡುತ್ತಿದ್ದರು. ನಿಮಗೂ ಅದೇ ಷರತ್ತು, ಮಕ್ಕಳೇ.

ಒಂದು ಕಾಡಿತ್ತು. ಕಾಡಿನ ನಡುವೆ ಒಂದು ಕೆರೆ. ಕೆರೆಯ ಈಚೆ ದಡದಲ್ಲಿದ್ದ ಪ್ರಾಣಿಗಳಿಗೆ ಕೆರೆಯವರು ಎಂದು ಹೆಸರು. ಆಚೆಯ ಕಲ್ಲುಗುಡ್ಡದಲ್ಲಿದ್ದವರಿಗೆ ಗುಡ್ಡದವರು ಎಂದು ಹೆಸರು. ಮಳೆಗಾಲದಲ್ಲಿ ಇಬ್ಬರಿಗೂ ಜಗಳವಿಲ್ಲ. ಬೇಸಿಗೆ ಬಂತೆಂದರೆ ಮಾತ್ರ ಕಷ್ಟ. ಕೆರೆ ಇಳಿದು ಇಳಿದು ಒಂದು ಹೊಂಡದಷ್ಟಾಗುತ್ತಿತ್ತು. ಮುಂಜಾನೆ ಮೊದಲು ಇಳಿದವರಿಗೆ ತಿಳಿನೀರು. ಆಮೇಲೆ ಬಂದವರಿಗೆ ರಾಡಿ.

ಹಿಂದೆ ಇದಕ್ಕಾಗಿ ಕೋಡು ಮುರಿದುಕೊಂಡವರಿದ್ದರು, ಕಿವಿ ಹರಿದುಕೊಂಡವರಿದ್ದರು. ಕೊನೆಗೆ ಎರಡೂ ಕಡೆಯ ಹಿರಿಯರು ಕೂತು ಒಂದು ಕಟ್ಟಳೆ ಮಾಡಿದರು. ಬೇಸಿಗೆ ಕಾಲಿಟ್ಟ ಕೂಡಲೇ ಒಂದು ಫುಟ್‌ಬಾಲ್ ಪಂದ್ಯ. ಗೆದ್ದವರಿಗೆ ಮಳೆ ಬರುವವರೆಗೂ ಮುಂಜಾನೆಯ ನೀರು. ಸಮವಾದರೆ ಹಿಂದಿನ ವರ್ಷ ಗೆದ್ದವರಿಗೇ ನೀರು. ಮತ್ತೊಂದು ಮುಖ್ಯ ನಿಯಮವೂ ಇತ್ತು: ಆಟದ ದಿನ ಯಾರೂ ಯಾರನ್ನೂ ತಿನ್ನಬಾರದು.

ಹಿಂದಿನ ವರ್ಷ ಗೆದ್ದವರು ಗುಡ್ಡದವರು. ಆ ಬೇಸಿಗೆಯಿಡೀ ಕೆರೆಯವರ ಮಕ್ಕಳು ರಾಡಿ ಕುಡಿದು ಹೊಟ್ಟೆ ಹಿಡಿದುಕೊಂಡು ಅಳುವುದನ್ನು ಬೆಳ್ಳಯ್ಯ ಕಣ್ಣಾರೆ ನೋಡಿದ್ದ. ಬೆಳ್ಳಯ್ಯ ಎಂದರೆ ಕೆರೆಯವರ ತಂಡಕ್ಕೆ ಆಟ ಕಲಿಸುವ ಕೊಕ್ಕರೆ. ಎಲ್ಲರೂ ಅವನನ್ನು ಮೇಷ್ಟ್ರೇ ಎನ್ನುತ್ತಿದ್ದರು. "ಈ ಸಲ ಮಕ್ಕಳಿಗೆ ತಿಳಿನೀರು ಕುಡಿಸದಿದ್ದರೆ ನಾನು ಮೇಷ್ಟ್ರೇ ಅಲ್ಲ" ಎಂದು ಅವನು ಕೆರೆಯ ಮುಂದೆ ನಿಂತು ದೇವರಿಗೆ ಹೇಳಿಕೊಂಡಿದ್ದ.

ಕೊಕ್ಕರೆ ಮೀನು ಹಿಡಿಯುವುದನ್ನು ನೀವು ನೋಡಿರಬೇಕು. ಅಲುಗಾಡುವುದಿಲ್ಲ. ಕಾಯುತ್ತದೆ. ಒಂದೇ ಏಟು, ಒಂದೇ ಮೀನು. ಬೆಳ್ಳಯ್ಯನ ಆಟವೂ ಹಾಗೆಯೇ ಇತ್ತು. "ಓಡುವುದು ಚೆಂಡಿನ ಕೆಲಸ, ನಮ್ಮದಲ್ಲ. ನೀವು ನಿಮ್ಮ ನಿಮ್ಮ ಜಾಗದಲ್ಲಿ ನಿಲ್ಲಿ. ಇವನಿಂದ ಅವನಿಗೆ, ಅವನಿಂದ ಇವಳಿಗೆ, ಮೆಲ್ಲಗೆ ಪಾಸ್ ಮಾಡಿ. ಪ್ರಸಾದ ದಾಟಿಸಿದ ಹಾಗೆ, ಒಂದು ಕಾಳೂ ಚೆಲ್ಲಬಾರದು" ಎನ್ನುತ್ತಿದ್ದ.

ಜಿಂಕೆ ಚುಕ್ಕಿ ಅದನ್ನು ಚೆನ್ನಾಗಿ ಕಲಿತಳು. ಗೋಲು ಹೊಡೆಯುವವಳು ಅವಳೇ. ಬರಿಂಕ ಸಣ್ಣವ್ವ ಇನ್ನೂ ಚೆನ್ನಾಗಿ ಕಲಿತಳು. ಬರಿಂಕ ಎಂದರೆ ಮೊಲಕ್ಕಿಂತ ತುಸು ದೊಡ್ಡದಾದ, ಕಡ್ಡಿಯಂಥ ಕಾಲಿನ ಪುಟ್ಟ ಪ್ರಾಣಿ. ಅವಳು ಒದ್ದ ಚೆಂಡು ಹೇಳಿದ ಹುಲ್ಲುಗರಿಯ ಮೇಲೆ ಹೋಗಿ ನಿಲ್ಲುತ್ತಿತ್ತು.

ಕಲಿಯದವನು ಒಬ್ಬನೇ. ಕಾಡುಹಂದಿ ಗುದ್ದಪ್ಪ.

ಗುದ್ದಪ್ಪನಿಗೆ ದಣಿವು ಎಂಬುದೇ ಗೊತ್ತಿರಲಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಯಲಿಗೆ ಬರುವವನು ಅವನು, ಕೊನೆಗೆ ಹೋಗುವವನೂ ಅವನೇ. ಚೆಂಡು ಎಲ್ಲಿದ್ದರೆ ಅಲ್ಲಿ ಗುದ್ದಪ್ಪ. ಆದರೆ ಕಾಲಿಗೆ ಚೆಂಡು ಸಿಕ್ಕಿತೋ, ಕತೆ ಮುಗಿಯಿತು. ಚುಕ್ಕಿಗೆ ಕೊಡಲು ಹೋದರೆ ಬಿದಿರು ಮೆಳೆಗೆ ಹೋಗುತ್ತಿತ್ತು. ಸಣ್ಣವ್ವನಿಗೆ ಕೊಡಲು ಹೋದರೆ ಕೆರೆಗೆ ಬೀಳುತ್ತಿತ್ತು. ಗೀಜಗ ಹಕ್ಕಿಗಳು ಹುಲ್ಲಿನೆಳೆಯಲ್ಲಿ ನೇಯ್ದು, ಒಳಗೆ ಬೂರುಗದ ಹತ್ತಿ ತುಂಬಿ ಮಾಡಿದ ಚೆಂಡು ಅದು. ನೆನೆದರೆ ಒಣಗಲು ಎರಡು ದಿನ.

"ಗುದ್ದಪ್ಪಣ್ಣ, ನೀನು ನಮ್ಮ ತಂಡವೋ, ಗುಡ್ಡದವರ ತಂಡವೋ? ಒಂದು ಸಲ ಹೇಳಿಬಿಡು" ಎಂದು ಚುಕ್ಕಿ ಛೇಡಿಸುತ್ತಿದ್ದಳು.

"ತಪ್ಪಾಯ್ತು ಕಣೇ ಚುಕ್ಕಕ್ಕ, ನೀನು ನಿಲ್ಲು, ನಾನೇ ತರ್ತೀನಿ" ಎಂದು ಗುದ್ದಪ್ಪ ನೀರಿಗೆ ಧುಮುಕುತ್ತಿದ್ದ.

ಬೆಳ್ಳಯ್ಯ ಒಂಟಿಕಾಲಲ್ಲಿ ನಿಂತು ನಿಟ್ಟುಸಿರು ಬಿಡುತ್ತಿದ್ದ. ಹುಡುಗ ಒಳ್ಳೆಯವನು. ಆದರೆ ನಡುಮೈದಾನದಲ್ಲಿ ನಿಲ್ಲಿಸುವುದು ಹೇಗೆ? ಚೆಂಡು ದಾಟುವುದೇ ಅಲ್ಲಿಂದ. ಪ್ರತಿ ಸಲವೂ ಇವನು ಚೆಲ್ಲಿದರೆ ಉಳಿದವರಿಗೆ ತಲುಪುವುದೇನು?

ಪಂದ್ಯದ ದಿನ ಬೆಳ್ಳಯ್ಯ ಸಣ್ಣವ್ವನನ್ನು ನಡುವೆ ನಿಲ್ಲಿಸಿದ. ಪಕ್ಕದಲ್ಲಿ ಅಳಿಲು. ಗೋಲು ಕಾಯಲು ಉದ್ದ ಬಾಲದ ಕೋತಿ, ಮುಸುವ. ಗುದ್ದಪ್ಪನನ್ನು ತನ್ನ ಪಕ್ಕದಲ್ಲಿ ಕೂರಿಸಿಕೊಂಡ. ಗುದ್ದಪ್ಪ ಮುಖ ಸಣ್ಣದು ಮಾಡಿಕೊಂಡು ನೆಲ ಕೆದಕುತ್ತ ಕೂತ.

ಗುಡ್ಡದವರ ನಾಯಕ ತೋಳ ಕೆಂಚಣ್ಣ. ಅವನು ನಗುತ್ತಲೇ ಬಂದ. "ಏನು ಬೆಳ್ಳಯ್ಯನವರೇ, ಎರಡು ಕಾಲಲ್ಲಿ ನಿಲ್ಲೋಕೇ ಬರದವರು ಫುಟ್‌ಬಾಲ್ ಕಲಿಸ್ತೀರಂತೆ!"

"ಆಟ ಮುಗಿಯಲಿ ಕೆಂಚಣ್ಣ, ಆಮೇಲೆ ಮಾತಾಡೋಣ" ಎಂದ ಬೆಳ್ಳಯ್ಯ.

ರೆಫರಿ ಎಂದರೆ ಹಳ್ಳದ ದಂಡೆಯ ಸಿಳ್ಳೆಹಕ್ಕಿ. ಅದು ಪೀಂ ಎಂದಿತು. ಆಟ ಶುರು!

ಮೊದಮೊದಲು ಎಷ್ಟು ಚೆನ್ನಾಗಿತ್ತು ಅಂತೀರಿ! ಸಣ್ಣವ್ವನಿಂದ ಅಳಿಲಿಗೆ, ಅಳಿಲಿನಿಂದ ಚುಕ್ಕಿಗೆ. ಮರದ ಮೇಲಿದ್ದ ಗಿಳಿಗಳೆಲ್ಲ ಆಹಾ ಎಂದವು. ಬೆಳ್ಳಯ್ಯನ ಕತ್ತು ಹೆಮ್ಮೆಯಿಂದ ಒಂದು ಗೇಣು ಉದ್ದವಾಯಿತು.

ಆದರೆ ಗುಡ್ಡದವರು ಪಾಸ್ ನೋಡಿ ಮರುಳಾಗುವವರಲ್ಲ. ಅವರದು ನುಗ್ಗುವ ಆಟ. ಕೆಂಚಣ್ಣ ಹಲ್ಲು ಕಿರಿದು ನುಗ್ಗಿದ. ಸಣ್ಣವ್ವ ಹೆದರಿ ಪಕ್ಕಕ್ಕೆ ಸರಿದಳು. ಚೆಂಡು ಹೋಯಿತು. ಗೋಲು! ಮತ್ತೆ ನುಗ್ಗಿದ. ಅಳಿಲು ಹತ್ತಿರದ ಮರವನ್ನೇ ಹತ್ತಿಬಿಟ್ಟಿತು. ಮತ್ತೆ ಗೋಲು! ಸಣ್ಣವ್ವನಿಗೆ ಚೆಂಡು ಸಿಕ್ಕರೆ ಹುಲ್ಲುಗರಿಯ ಮೇಲೆ ನಿಲ್ಲಿಸುತ್ತಿದ್ದಳು, ನಿಜ. ಸಿಗಬೇಕಲ್ಲ?

ಅರ್ಧ ಆಟ ಮುಗಿದಾಗ ಗುಡ್ಡದವರಿಗೆ ಎರಡು, ಕೆರೆಯವರಿಗೆ ಸೊನ್ನೆ. ಬಿಡುವಿನಲ್ಲಿ ಕೆರೆಯವರೆಲ್ಲ ಬೆಳ್ಳಯ್ಯನ ಸುತ್ತ ಸೇರಿದರು.

"ಮೇಷ್ಟ್ರೇ, ಗುದ್ದಪ್ಪನ್ನ ಇಳಿಸಿ. ಆ ತೋಳನಿಗೆ ಎದುರು ನಿಲ್ಲೋನು ಅವನೊಬ್ಬನೇ" ಎಂದಿತು ಮುಸುವ.

"ಇಳಿಸಿ ಇಳಿಸಿ! ಚೆಂಡು ಕೆರೆಯಲ್ಲಿ ತೇಲಲಿ, ನಾವೂ ಹೋಗಿ ಈಜೋಣ" ಎಂದಳು ಚುಕ್ಕಿ.

ಗುದ್ದಪ್ಪ ನೆಲ ಕೆದಕುವುದನ್ನು ನಿಲ್ಲಿಸಿದ. ಅವನ ಕಣ್ಣು ಬೆಳ್ಳಯ್ಯನ ಮೇಲೇ ಇತ್ತು.

ಬೆಳ್ಳಯ್ಯ ದಡದ ಕಡೆ ನೋಡಿದ. ಅಲ್ಲಿ ಮರಿಗಳೆಲ್ಲ ಸಾಲಾಗಿ ಕೂತಿದ್ದವು. ಯಾವುದೂ ಕೂಗುತ್ತಿರಲಿಲ್ಲ. ಅವನು ತಂಡದ ಕಡೆ ತಿರುಗಿದ. "ಸಣ್ಣವ್ವ, ನೀನು ಕೂತ್ಕೋ ತಾಯಿ. ಗುದ್ದಪ್ಪ, ಏಳು" ಎಂದ. ಗುದ್ದಪ್ಪ ಚಂಗನೆ ಎದ್ದ. "ನೋಡು, ಸಣ್ಣವ್ವ ಆಡಿದ ಹಾಗೇ ಆಡಬೇಕು. ಓಡಬೇಡ. ನಿಂತಲ್ಲೇ ನಿಲ್ಲು. ಚೆಂಡು ಬಂದಾಗ ನಾಜೂಕಾಗಿ ಚುಕ್ಕಿಗೆ ಕೊಡು. ತಿಳೀತಾ?"

"ಹೂಂ ಮೇಷ್ಟ್ರೇ" ಎಂದ ಗುದ್ದಪ್ಪ. ನಡುಮೈದಾನಕ್ಕೆ ಹೋಗಿ ಗೂಟ ನೆಟ್ಟ ಹಾಗೆ ನಿಂತ.

ಅಯ್ಯೋ, ಆ ದೃಶ್ಯವನ್ನು ಏನು ಹೇಳಲಿ! ಗುದ್ದಪ್ಪನ ಮೈಯೆಲ್ಲ ಓಡಲು ತುಡಿಯುತ್ತಿತ್ತು, ಕಾಲು ಮಾತ್ರ ಮೇಷ್ಟ್ರ ಮಾತಿಗೆ ಕಟ್ಟುಬಿದ್ದಿತ್ತು. ಚೆಂಡು ಬಂತು. ನಾಜೂಕಾಗಿ ಒದೆಯಲು ಹೋಗಿ ಗಾಳಿಗೆ ಒದ್ದ. ಮತ್ತೆ ಬಂತು. ಈ ಸಲ ಒದ್ದದ್ದು ನೇರವಾಗಿ ಕೆಂಚಣ್ಣನ ಕಾಲಿಗೆ ಹೋಯಿತು.

"ದೊಡ್ಡ ಉಪಕಾರ ಆಯ್ತಪ್ಪ ಗುದ್ದಪ್ಪ!" ಎಂದು ಕೆಂಚಣ್ಣ ಬಾಣದ ಹಾಗೆ ಓಡಿದ. ಮೂರನೆಯ ಗೋಲು ಬಿತ್ತೆಂದೇ ಎಲ್ಲರೂ ಅಂದುಕೊಂಡರು. ಮುಸುವ ನೆಗೆದು ಬಾಲದ ತುದಿಯಿಂದ ಚೆಂಡನ್ನು ಆಚೆ ತಳ್ಳಿತು. ದೇವರು ದೊಡ್ಡವನು.

ತಪ್ಪಿದ ಆ ಚೆಂಡು ಉರುಳುತ್ತ ಮತ್ತೆ ಕೆಂಚಣ್ಣನ ಕಡೆಗೇ ಹೊರಟಿತು. ಆಗ ಗುದ್ದಪ್ಪನಿಗೆ ಮೇಷ್ಟ್ರ ಮಾತು ಮರೆತೇಹೋಯಿತು. ಘುರ್ರ್ ಎಂದು ಧೂಳೆಬ್ಬಿಸಿ ಓಡಿದ. ಕೆಂಚಣ್ಣ ಕಾಲು ಎತ್ತುವಷ್ಟರಲ್ಲಿ ಚೆಂಡು ಗುದ್ದಪ್ಪನ ಮೂತಿಯ ಮುಂದಿತ್ತು! ಎದುರಿಗೆ ಬಂದ ಇನ್ನಿಬ್ಬರು ಗುಡ್ಡದವರು ಅವನ ಹೆಗಲು ತಾಗಿ ಆಚೆ ಬಿದ್ದರು. ಹಾಗೇ ಓಡಿ ಓಡಿ, ಆಮೇಲೆ ಏನು ಮಾಡಬೇಕೋ ತಿಳಿಯದೆ, ಗುದ್ದಪ್ಪ ಚೆಂಡನ್ನು ಚುಕ್ಕಿಯ ಕಾಲ ಬಳಿ ಬಿಟ್ಟು ನಿಂತ.

ಚುಕ್ಕಿ ಒಂದು ಕ್ಷಣ ನಂಬಲಿಲ್ಲ. ಆಮೇಲೆ ಒದ್ದಳು. ಗೋಲು! ಕೂಗಿ ಮಕ್ಕಳೇ, ಕೂಗಿ!

ಕೆರೆಯ ದಂಡೆಯಲ್ಲಿ ಮರಿಗಳು ಕುಣಿದವು. ಬೆಳ್ಳಯ್ಯ ಮಾತ್ರ ಕುಣಿಯಲಿಲ್ಲ. ಅವನಿಗೆ ನಾಚಿಕೆಯಾಗಿತ್ತು. "ಅಯ್ಯೋ ಪರಮಾತ್ಮ, ನಾನು ಎಂಥ ಕೆಲಸ ಮಾಡಿದೆ! ಓಡುವವನನ್ನು ಹಿಡಿದು ನಿಲ್ಲಿಸಿದೆ. ಇವನು ಚೆನ್ನಾಗಿ ದಾಟಿಸುತ್ತಾನೋ ಇಲ್ಲವೋ ಎಂದೇ ಅಳೆಯುತ್ತ ಕೂತೆ. ಚೆಂಡು ತಂದುಕೊಡುವವನು ಬೇಡವೇ?" ಎಂದುಕೊಂಡ.

ಇಲ್ಲಿಗೆ ಬಂದಾಗ ಗುರುಶಾಂತಜ್ಜ ತಾಳಗಳನ್ನು ಕೈಗೆತ್ತಿಕೊಂಡು ಹೇಳುತ್ತಿದ್ದರು: "ನನಗೆ ರಾಗ ಎಳೆಯಲು ಬರುವುದಿಲ್ಲ. ಎಳೆದರೆ ನೀವೆಲ್ಲ ಎದ್ದು ಓಡುತ್ತೀರಿ. ಆದರೂ ಭಜನೆಗೆ ನನ್ನನ್ನು ಕರೆಯುತ್ತಾರೋ ಇಲ್ಲವೋ?"

ಬೆಳ್ಳಯ್ಯ ರೆಕ್ಕೆ ಎತ್ತಿದ. "ಅಳಿಲೇ, ನೀನು ಬಾ ಈಚೆಗೆ. ಸಣ್ಣವ್ವ, ಹೋಗು. ಗುದ್ದಪ್ಪನ ಪಕ್ಕದಲ್ಲೇ ಇರು. ಅವನನ್ನು ಬಿಟ್ಟು ದೂರ ಹೋಗಬೇಡ." ಆಮೇಲೆ ಕತ್ತು ಚಾಚಿ, ತನ್ನ ಒರಟು ದನಿಯಲ್ಲಿ ಕೂಗಿದ, "ಗುದ್ದಪ್ಪಾ! ನಾನು ಹೇಳಿದ್ದನ್ನೆಲ್ಲ ಮರೆತುಬಿಡು! ಓಡು! ಚೆಂಡು ಕಸಿದುಕೋ! ಕಸಿದ ಕೂಡಲೇ ಸಣ್ಣವ್ವನ ಕಾಲ ಬಳಿ ಬಿಡು! ಅಷ್ಟೇ ನಿನ್ನ ಕೆಲಸ!"

"ಅಷ್ಟೇನಾ ಮೇಷ್ಟ್ರೇ? ದೂರ ಒದೆಯೋ ಹಾಗಿಲ್ವಾ?"

"ಒದ್ದರೆ ನಿನ್ನ ಕಿವಿ ಕುಕ್ಕುತ್ತೇನೆ!"

ಗುದ್ದಪ್ಪ ಹಲ್ಲು ಬಿಟ್ಟು ನಕ್ಕ. ಆಮೇಲೆ ನೋಡಬೇಕಿತ್ತು! ಬಲಕ್ಕೆ ಹೋದರೆ ಗುದ್ದಪ್ಪ, ಎಡಕ್ಕೆ ಹೋದರೆ ಗುದ್ದಪ್ಪ. ಗುಡ್ಡದವರು "ಕೆರೆಯವರು ಎಷ್ಟು ಜನ ಹಂದಿಗಳನ್ನು ಇಳಿಸಿದ್ದಾರೆ? ಎಣಿಸಿ ನೋಡಿ!" ಎಂದು ರೆಫರಿಗೆ ದೂರು ಕೊಟ್ಟರು. ಒಮ್ಮೆ ಗುದ್ದಪ್ಪ ಚೆಂಡು ಕಸಿದ, ಸಣ್ಣವ್ವನ ಬಳಿ ಬಿಟ್ಟ. ಸಣ್ಣವ್ವ ಈಗ ಹೆದರಲಿಲ್ಲ. ಪಕ್ಕದಲ್ಲಿ ಗುದ್ದಪ್ಪನಿದ್ದನಲ್ಲ, ಯಾವ ತೋಳ ಬಂದೀತು? ಅವಳು ತಲೆ ಎತ್ತಿ, ನೋಡಿ, ಚೆಂಡನ್ನು ಚುಕ್ಕಿಯ ಮುಂಗಾಲಿಗೆ ಇಟ್ಟುಕೊಟ್ಟಳು. ಗೋಲು! ಎರಡಕ್ಕೆ ಎರಡು!

ಸೂರ್ಯ ಗುಡ್ಡದ ತಲೆಗೆ ತಾಗುತ್ತಿದ್ದ. ಸೂರ್ಯ ಪೂರ್ತಿ ಮರೆಯಾದರೆ ಆಟ ಮುಗಿಯಿತು. ಸಮವಾದರೆ ನೀರು ಗುಡ್ಡದವರಿಗೇ.

ಗುಡ್ಡದವರು ಚೆಂಡನ್ನು ಮೇಲೆ ಒದ್ದರು. ಕೆಂಚಣ್ಣ ಒಬ್ಬನೇ ಹಿಡಿದುಕೊಂಡು ಓಡಿದ. ಅವನ ಮುಂದೆ ಮುಸುವ ಒಂದೇ. ಗುದ್ದಪ್ಪ ಎಲ್ಲಿ? ಬಯಲಿನ ಆಚೆ ತುದಿಯಲ್ಲಿದ್ದ!

"ಓಡು ಗುದ್ದಪ್ಪಣ್ಣಾ!" ಎಂದು ಕಿರುಚಿದವಳು ಬೇರೆ ಯಾರೂ ಅಲ್ಲ, ಚುಕ್ಕಿ.

ಉಳಿದವರೆಲ್ಲ ಏದುಸಿರು ಬಿಡುತ್ತಿದ್ದರು. ಆ ಕೆಂಚಣ್ಣನೂ ನಾಲಿಗೆ ಚಾಚಿದ್ದ. ಗುದ್ದಪ್ಪ ಮಾತ್ರ ಆಗತಾನೇ ಎದ್ದು ಬಂದವನ ಹಾಗೆ ಓಡಿದ. ಧಡಧಡಧಡ! ಬೆಳ್ಳಯ್ಯ ತನಗೇ ಗೊತ್ತಿಲ್ಲದೆ ಎರಡೂ ಕಾಲು ಊರಿ, ರೆಕ್ಕೆ ಬಿಚ್ಚಿ ನಿಂತಿದ್ದ. ಕೆಂಚಣ್ಣ ಕಾಲು ಹಿಂದಕ್ಕೆಳೆದ. ಇನ್ನೇನು ಒದೆಯಬೇಕು, ಗುದ್ದಪ್ಪನ ಮೂತಿ ನಡುವೆ ಬಂತು. ಚೆಂಡು ಗುದ್ದಪ್ಪನದು! ಕೆಂಚಣ್ಣ ಗಾಳಿಗೆ ಒದ್ದು ಮಗುಚಿ ಬಿದ್ದ.

ಈಗ ಗುದ್ದಪ್ಪನ ಹತ್ತಿರ ತಡೆಯುವವರು ಯಾರೂ ಇಲ್ಲ. ದೂರದಲ್ಲಿ ಚುಕ್ಕಿ ಕಾಣುತ್ತಿದ್ದಳು. ಒಂದೇ ಒಂದು ಸಲ ಜೋರಾಗಿ ಒದ್ದುಬಿಡಬೇಕೆಂದು ಅವನ ಕಾಲು ತುರಿಸಿತು. ಗುದ್ದಪ್ಪ ಕಾಲು ಎತ್ತಿದ, ಪಕ್ಕಕ್ಕೆ ನೋಡಿದ, ಕಾಲು ಇಳಿಸಿದ. ಓಡಿಬರುತ್ತಿದ್ದ ಸಣ್ಣವ್ವನ ಕಡೆಗೆ ಮೂತಿಯಿಂದ ಚೆಂಡನ್ನು ಮೆಲ್ಲನೆ ತಳ್ಳಿದ.

ಸಣ್ಣವ್ವ ಒದ್ದಳು. ಚೆಂಡು ಗುಡ್ಡದವರ ತಲೆಗಳ ಮೇಲೆ ಹಾರಿ, ಚುಕ್ಕಿಯ ಮುಂದೆ ಹುಲ್ಲುಗರಿಯ ಮೇಲೆ ಬಂದು ಕೂತಿತು. ಚುಕ್ಕಿ ಒದ್ದಳು.

ಗೋಲು! ಗೋಲು! ಪೀಂ ಎಂದಿತು ಸಿಳ್ಳೆಹಕ್ಕಿ. ಸೂರ್ಯ ಮುಳುಗಿದ. ಕೆರೆಯವರು ಗೆದ್ದಿದ್ದರು!

ಮರುದಿನ ಮುಂಜಾನೆ ಕೆರೆಯವರ ಮಕ್ಕಳೆಲ್ಲ ತಿಳಿನೀರಿಗೆ ಇಳಿಯುವಾಗ ಗುದ್ದಪ್ಪನೂ ಸಂಭ್ರಮದಿಂದ ಓಡಿಬಂದ. ಬಂದವನು ಅಭ್ಯಾಸದಂತೆ ನೀರಿನ ನಟ್ಟನಡುವೆ ಉರುಳಾಡಲು ಮೊಣಕಾಲು ಮಡಚಿದ.

"ಅಯ್ಯೋ ಮೇಷ್ಟ್ರೇ, ರಾಡಿ ಮಾಡ್ತಾನೆ!" ಎಂದು ಮರಿಗಳು ಕಿರುಚಿದವು. "ಇವನನ್ನು ಓಡಿಸಿ!"

ಬೆಳ್ಳಯ್ಯ ಓಡಿಸಲಿಲ್ಲ. ಬೈಯಲೂ ಇಲ್ಲ. ತನ್ನ ಉದ್ದ ಕೊಕ್ಕಿನಿಂದ ಕೆರೆಯ ಕೆಳಮೂಲೆಯನ್ನು ತೋರಿಸಿದ. ಅಲ್ಲಿ ನೀರು ಕಡಿಮೆ, ಕೆಸರು ಧಾರಾಳ. "ಗುದ್ದಪ್ಪ, ಆ ಮೂಲೆ ಇವತ್ತಿನಿಂದ ನಿನ್ನದಪ್ಪ. ಎಷ್ಟು ಬೇಕೋ ಅಷ್ಟು ಹೊರಳು" ಎಂದ.

ಗುದ್ದಪ್ಪ ಧಡಧಡನೆ ಓಡಿ ಕೆಸರಿಗೆ ಬಿದ್ದ. ಈಚೆ ನೀರು ತಿಳಿಯಾಗಿಯೇ ಇತ್ತು. ಮಕ್ಕಳು ಹೊಟ್ಟೆ ತುಂಬ ಕುಡಿದವು.

ಮಕ್ಕಳೇ, ಗುರುಶಾಂತಜ್ಜ ಹೇಳಿದ್ದನ್ನು ನಾನು ನಿಮಗೆ ಹೇಳಿದೆ. ಇನ್ನು ನಿಮ್ಮ ಸರದಿ. ನಿಮ್ಮ ಬೀದಿಯಲ್ಲಿ ಆಟಕ್ಕೆ ಸೇರಿಸಿಕೊಳ್ಳದೆ ಪಕ್ಕಕ್ಕೆ ಕೂರಿಸಿದ ಗೆಳೆಯ ಯಾರಾದರೂ ಇದ್ದರೆ, ಮೊದಲು ಅವನಿಗೆ ಈ ಕತೆ ಹೇಳಿ. ಕೂರಿಸಿದವರಿಗೂ ತಪ್ಪದೆ ಹೇಳಿ.

ನೀತಿ: ಒಬ್ಬನಿಗೆ ಬಾರದ ಕೆಲಸವನ್ನು ಒಪ್ಪಿಸಿ ಅವನನ್ನು ಹಳಿಯಬಾರದು, ಬರುವ ಕೆಲಸವನ್ನು ಕೊಟ್ಟು, ಬಾರದ ಕೆಲಸ ಬಲ್ಲವರನ್ನು ಅವನ ಪಕ್ಕದಲ್ಲಿ ನಿಲ್ಲಿಸಬೇಕು.