ಕೊಡೆಗುಡ್ಡೆಗೆ ಕೊಡೆ ಬಂದದ್ದು

ನಮ್ಮೂರಿನ ಕೊಡೆಗುಡ್ಡೆಯ ಮೇಲೆ ಹಳೆಯ ಲೂಥರನ್ ಕ್ರೈಸ್ತ ದೇವಾಲಯವೊಂದಿದೆ. ಹೋದ ವರ್ಷ ಅದರ ಜೀರ್ಣೋದ್ಧಾರವಾಗಿ, ಗೋಡೆಗೆ ಸುಣ್ಣ, ಮಾಡಿಗೆ ಹೊಸ ಹಂಚು ಬಂತು. ಅಲ್ಲಿದ್ದ ಬಾವಲಿಗಳು ಮಾತ್ರ ಸಭೆ ಬಿಟ್ಟು ನಮ್ಮ ಶಾಲೆಗೆ ಸೇರಿಕೊಂಡಿವೆ. ಹಾಜರಿಯಲ್ಲಿ ನನಗಿಂತ ಅವೇ ಮುಂದೆ. ಗುಡ್ಡ ಕೊಡೆಯಂತಿರುವುದರಿಂದ ಆ ಹೆಸರು ಎಂದು ಪರವೂರಿನವರು ತಿಳಿಯುತ್ತಾರೆ. ಸುಳ್ಳು. ಅದು ಎಮ್ಮೆ ಮಲಗಿದ ಹಾಗಿದೆ.

ಹಿಂದೆ ಒಮ್ಮೆ, ಈ ದೇವಾಲಯ ಕಟ್ಟುತ್ತಿದ್ದಾಗ, ಹೊಳೆಬದಿಯ ಹಂಚಿನ ಕಾರ್ಖಾನೆಯಲ್ಲಿ ಹನೋಕನೆಂಬ ಮೇಸ್ತ್ರಿ ಇದ್ದನಂತೆ. ದೇವಾಲಯದ ಹಂಚು ಸುಡುವಾಗ ಅವನಿಗೆ ನಿದ್ದೆ ಹತ್ತಿ, ಬೆಂಕಿ ತಗ್ಗಿ, ಹಂಚು ಅರೆಬೆಂದವು. ಬಡಿದರೆ ಠಣ್ ಎನ್ನಬೇಕಾದವು ಕುಂಬಳಕಾಯಿಯಂತೆ ಥಪ್ ಎಂದವು. ಹೇಳಿದರೆ ಮೇಸ್ತ್ರಿಕೆ ಹೋದೀತೆಂದು ಹಾಗೆಯೇ ಗಾಡಿಗೆ ಹೇರಿಸಿದ. ಮಾಡು ಹೊದೆಸುವ ಮೋನಪ್ಪ ಅನುಮಾನಿಸಿ ಕೇಳಿದಾಗ, "ಬಿಸಿಲಿಗೆ ಸರಿಯಾಗ್ತದೆ ಮಾರಾಯ" ಎಂದ.

ಮೊದಲ ಮಳೆಗೇ ಮಾಡು ಸೋರಿ ಎಲ್ಲರಿಗೂ ಎರಡನೆಯ ದೀಕ್ಷಾಸ್ನಾನವಾಯಿತು. ಒಳಗೇ ಓಲೆಕೊಡೆ ಹಿಡಿದು ಕೀರ್ತನೆ ಹಾಡಿದರು. ಹನೋಕನ ಬೆಂಚಿನ ಮೇಲೆ ಮಾತ್ರ ಒಂದು ಹನಿಯೂ ಬೀಳಲಿಲ್ಲ! "ನೀನು ಪುಣ್ಯವಂತ, ಸ್ವಲ್ಪ ಆಚೆ ಸರಿ" ಎಂದು ಜನ ಅವನಿಗೆ ಒತ್ತಿ ಕೂತರು. ಆ ಒಣ ಬೆಂಚು ಅವನಿಗೆ ಕೆಂಡವಾಯಿತು. ತಪ್ಪೆಲ್ಲ ಮೋನಪ್ಪನ ತಲೆಗೆ ಬಂತು. "ನಾನು ಅಂದೇ ಕೇಳಿದ್ದೆ" ಎಂದು ಅವನು ಹೇಳಿದಾಗ ಹನೋಕ ಕೆಮ್ಮಿ ಕೀರ್ತನೆ ಪುಸ್ತಕ ತೆರೆದ. ತಪ್ಪು ಮಾಡಿದವರಿಗೆ ಕರ್ತನ ರಾತ್ರಿಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡದೆ ಹೊರಗೆ ಕೂರಿಸುವುದು ಆಗಿನ ಪದ್ಧತಿ. ಮೋನಪ್ಪನನ್ನು ಬಾಗಿಲಾಚೆಯ ಹುಲ್ಲುಮಾಡಿನ ಜಗಲಿಯಲ್ಲಿ ಕೂರಿಸಿದರು ಎನ್ನುತ್ತಾರೆ.

ಆ ಭಾನುವಾರ ದ್ರಾಕ್ಷಾರಸದ ಪಾತ್ರೆ ಎದುರಿಗೆ ಬಂದಾಗ ಹನೋಕನ ಕೈ ಏಳಲಿಲ್ಲ. "ಅಯ್ಯಾ, ಮೋನಪ್ಪನದ್ದು ತಪ್ಪಿಲ್ಲ. ಹಂಚು ಕೆಡಿಸಿದ್ದು ನಾನು" ಎಂದ. ಪಾದ್ರಿಗಳೇ ಬಾಗಿಲಿಗೆ ಹೋಗಿ, "ಒಳಗೆ ಬಾ ಮೋನಪ್ಪಾ" ಎಂದು ಕರೆದರು.

"ಬೇಡ ಅಯ್ಯಾ. ಇಲ್ಲಿ ಸೋರುವುದಿಲ್ಲ."

ಕೆಲವರು ನಕ್ಕರು, ಹನೋಕ ನಗಲಿಲ್ಲ. ಮೋನಪ್ಪ ಮಳೆಯಲ್ಲೇ ಗುಡ್ಡ ಇಳಿದಾಗ, ಹನೋಕ ತನ್ನ ಕೊಡೆಯನ್ನು ಅವನ ತಲೆಗೆ ಹಿಡಿದು, ತಾನು ನೆನೆಯುತ್ತ ಹಿಂದೆ ನಡೆದ.

"ಕೈ ನೋಯುವುದಿಲ್ಲವಾ?" ಎಂದು ಮೋನಪ್ಪ ತಿರುಗದೆ ಕೇಳಿದನಂತೆ.

"ನೋಯಲಿ."

ಅಂದಿನಿಂದ ಪ್ರತಿ ಭಾನುವಾರ, ಬಿಸಿಲಿರಲಿ ಮಳೆಯಿರಲಿ, ಗುಡ್ಡ ಹತ್ತುವಾಗಲೂ ಇಳಿಯುವಾಗಲೂ ಹಾಗೆಯೇ. ಗುಡ್ಡಕ್ಕೆ ಹೆಸರು ಬಂದದ್ದು ಹೀಗೆ. ಮೋನಪ್ಪ ಎಂದಾದರೂ ಜಗಲಿ ಬಿಟ್ಟು ಒಳಗೆ ಬಂದನೇ ಎಂದು ಕೇಳಿದರೆ ಮಾತ್ರ ಹಿರಿಯರು ಕನ್ನಡಕ ಒರೆಸತೊಡಗುತ್ತಾರೆ.

ಈಗ ಮಾಡು ಸೋರುವುದಿಲ್ಲ. ಆದರೂ ರಾತ್ರಿಭೋಜನದ ಭಾನುವಾರ ಬಂದವರು ಇದನ್ನು ನೋಡಬಹುದು: ರೊಟ್ಟಿ ಮುರಿಯುವ ಮೊದಲು ಪಾದ್ರಿಗಳು ವೇದಿಯಿಂದ ಇಳಿದು ಬಾಗಿಲವರೆಗೆ ನಡೆದು, ಖಾಲಿ ಜಗಲಿಗೆ "ಒಳಗೆ ಬನ್ನಿ" ಎಂದು ಹೇಳಿ, ಸ್ವಲ್ಪ ಹೊತ್ತು ಕಾಯುತ್ತಾರೆ. ಅಷ್ಟು ಹೊತ್ತು ಒಳಗಿದ್ದವರು ಯಾರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.