ಕಂಪ್ಯೂಟರ್ ಹೊದ್ದ ಶಾಲು

ಸಹಕಾರ ಸಂಘದ ಕಂಪ್ಯೂಟರ್ ಮತ್ತೆ ತನ್ನಷ್ಟಕ್ಕೆ ತಾನೇ ಆಫ್ ಆಯಿತು! ಹೊರಗೆ ಮಹಾಸಭೆಗೆ ಸದಸ್ಯರು ಬಂದು ಕೂತಾಗಿದೆ, ವಾರ್ಷಿಕ ವರದಿ ಇನ್ನೂ ಪ್ರಿಂಟ್ ಆಗಿಲ್ಲ.

"ವರದಿ ಕೈಗೆ ಬರದಿದ್ರೆ ನಾಳೆಯಿಂದ ನೀನು ಬರೋದೇ ಬೇಡ!" ಅಂತ ಅಧ್ಯಕ್ಷ ಹಾಲಪ್ಪನವರು ಟೈಪಿಸ್ಟ್ ಚಂಪಾಳ ಮೇಲೆ ಹರಿಹಾಯ್ದರು.

ಚಂಪಾ ಕಂಪ್ಯೂಟರ್ ಪೆಟ್ಟಿಗೆ ಮುಟ್ಟಿ ನೋಡಿದಳು. ಕಾದ ಹೆಂಚು! ಕಾಯದೆ ಇನ್ನೇನು? ಅಧ್ಯಕ್ಷರಿಗೆ ಸನ್ಮಾನದಲ್ಲಿ ಬಂದ ಜರಿ ಶಾಲು ಅದರ ಗಾಳಿ ಕಿಂಡಿಗಳನ್ನೆಲ್ಲ ಮುಚ್ಚಿತ್ತು. ಬಂದವರಿಗೆಲ್ಲ ಕಾಣಲಿ ಅಂತ ಅವರೇ ಹೊದಿಸಿದ್ದು. ತೆಗೀರಿ ಅಂದವರಿಗೆಲ್ಲ, "ನನ್ನ ಸನ್ಮಾನದ ಶಾಲು ಮುಟ್ಟೋಕೆ ನೀವ್ಯಾರು?" ಅಂತ ಮಂಗಳಾರತಿ ಆಗಿತ್ತು.

"ಸಾರ್, ವರದಿಗೆ ನಿಮ್ಮ ಫೋಟೋನೇ ಇಲ್ಲವಲ್ಲ! ಬೇಗ ಶಾಲು ಹೊದ್ದು ಕೂತ್ಕೊಳ್ಳಿ" ಅಂದಳು ಚಂಪಾ.

ಹಾಲಪ್ಪನವರ ಮುಖ ಅರಳಿತು. ಶಾಲು ಪೆಟ್ಟಿಗೆ ಬಿಟ್ಟು ಅವರ ಹೆಗಲೇರಿತು. ಜರಿ ಅಂಚು ಹಾರುತ್ತೆ ಅಂತ ಚಂಪಾ ಫ್ಯಾನೂ ನಿಲ್ಲಿಸಿ ಮೊಬೈಲ್ ಹಿಡಿದಳು. ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ!

"ಅಲ್ಲಾಡಬೇಡಿ ಸಾರ್, ಸ್ವಲ್ಪ ನಗಿ. ಇನ್ನೊಂದು ತೆಗೀತೀನಿ..."

ಅಧ್ಯಕ್ಷರು ಬೆವತು ತೊಪ್ಪೆಯಾದರು. ಅಷ್ಟರಲ್ಲಿ ಪೆಟ್ಟಿಗೆ ತಣಿದಿತ್ತು. ಚಂಪಾ ಗುಂಡಿ ಒತ್ತಿದಳು. ವರದಿ ಒಂದೊಂದೇ ಹಾಳೆಯಾಗಿ ಕೊನೇವರೆಗೂ ಬಂತು!

"ಸಾಕಮ್ಮಾ, ಕಣ್ಣು ಕತ್ತಲೆ ಬರ್ತಿದೆ!"

"ಅದಕ್ಕೂ ಹಾಗೇ ಆಗ್ತಿತ್ತು ಸಾರ್. ಬಾಯಿಲ್ಲ ಪಾಪ, ಆಫ್ ಆಗ್ತಿತ್ತು."

ಅಧ್ಯಕ್ಷರು ಪೆಟ್ಟಿಗೆ ನೋಡಿದರು. ಯಾರೂ ಮುಟ್ಟಬಾರದ ಶಾಲಿನಲ್ಲೇ ಮುಖ ಒರೆಸಿಕೊಂಡರು.

"ಮೊದಲು ಫ್ಯಾನ್ ಹಾಕು ತಾಯಿ, ನಮ್ಮಿಬ್ಬರಿಗೂ!"